ಕಾಸರಗೋಡಿನ ಕನ್ನಡ ಶಾಲೆಗೆ ವಿಜ್ಞಾನದ ಗೈಡು ಕಳಿಸಬೇಕೆನ್ನುವವರಿಗೆ

ಕರ್ನಾಟಕದ ಹತ್ತನೇ ತರಗತಿಯ ಗೈಡು, ಹಳೇ ಪ್ರಶ್ನೆಪತ್ರಿಕೆಗಳ ಕಟ್ಟು ಕಳಿಸಿಕೊಟ್ಟರೆ ಇಲ್ಲಿನ ಕನ್ನಡ ಮಾಧ್ಯಮದ ವಿಜ್ಞಾನ ಮೇಷ್ಟ್ರಿಗೆ ಉಪಕಾರವಾದೀತೇ ಎಂದು ಕೇಳಿದ್ದೀರಿ. ಹೆಚ್ಚೇನೂ ಆಗದು. ನಿಮ್ಮಲ್ಲಿ ವಿಜ್ಞಾನವೆಂದರೆ ಒಂದೇ ವಿಷಯ, 80 ಅಂಕದ ಒಂದೇ ಪತ್ರಿಕೆ. ನಾವು 1956ರ ನವೆಂಬರಿನಿಂದ ಕೇರಳದವರು. ಇಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರಕ್ಕೂ ಬೇರೆ ಬೇರೆ ಪುಸ್ತಕ, ಬೇರೆ ಬೇರೆ ಪರೀಕ್ಷೆ. ತಲಾ 40 ಅಂಕ, ಒಂದೂವರೆ ಗಂಟೆ. ಅದಕ್ಕೆ ಮುಂಚೆ ಪ್ರಶ್ನೆ ಓದಿಕೊಳ್ಳಲು ಕಾಲು ಗಂಟೆ ಕೊಡುತ್ತಾರೆ, ‘ಕೂಲ್ ಆಫ್ ಟೈಮ್’ ಅಂತ. ಮೊದಲೆರಡನ್ನು ಫಿಸಿಕಲ್ ಸೈನ್ಸಿನವರು, ಜೀವಶಾಸ್ತ್ರವನ್ನು ನ್ಯಾಚುರಲ್ ಸೈನ್ಸಿನವರು ಕಲಿಸುತ್ತಾರೆ.

ಇನ್ನು ಪದಗಳ ಪೇಚು. ಪುಸ್ತಕದಲ್ಲಿ ‘ವೇಗೋತ್ಕರ್ಷ’ ಓದಿದ ಹುಡುಗಿ ಪ್ಲಸ್ ಒನ್ (ಹನ್ನೊಂದನೇ ತರಗತಿ) ವಿಜ್ಞಾನಕ್ಕೆ ಸೇರಿದ ದಿನವೇ ‘ಆಕ್ಸಿಲರೇಶನ್’ ಎದುರಿಸಬೇಕು, ಅಲ್ಲಿ ಪಾಠವೆಲ್ಲ ಇಂಗ್ಲಿಷು. ಮೇಷ್ಟ್ರಿಗೆ ರಜೆಯಲ್ಲಿ ಸಿಗುವ ತರಬೇತಿ ಮಲಯಾಳದಲ್ಲಾದರೆ ಅದೇ ಪದ ‘ತ್ವರಣಂ’. ಹಾಗಾಗಿ ಜಾಣ ಮೇಷ್ಟ್ರುಗಳು ಎಂಟನೇ ತರಗತಿಯಿಂದಲೇ ಬೋರ್ಡಿನ ಬಲಮೂಲೆಯಲ್ಲಿ ಇಂಗ್ಲಿಷ್ ಪದವನ್ನೂ ಬರೆದಿಡುತ್ತಾರೆ. ಕೊನೇ ವರ್ಷ ಪಟ್ಟಿ ಮಾಡಿ ಬಾಯಿಪಾಠ ಮಾಡಿಸಿದರೆ ತಲೆಗೆ ಹತ್ತುವುದಿಲ್ಲ.

ಪಾಠದ ಸಾಮಗ್ರಿಗೆ ಇಲ್ಲಿ ಬರವಿಲ್ಲ, ಅರ್ಧ ತೋಟದಲ್ಲೇ ಇದೆ. ಶಾಲೆ ಶುರುವಾಗುವ ಜೂನಿಗೂ ಅಡಿಕೆಗೆ ಕೊಳೆರೋಗದ ಮದ್ದು ಬಿಡುವ ಕಾಲಕ್ಕೂ ಸರಿಯಾಗಿ ಕೂಡಿಬರುತ್ತದೆ. ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ ತೋಟದಲ್ಲಿ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ತರಗತಿಗೆ ತಲಾ ಹತ್ತು ಗ್ರಾಂ, ಒಂದು ಲೀಟರ್ ಸಾಕು. ಪುಡಿ ಮಾಡಿದ ಮೈಲುತುತ್ತನ್ನು ಅರ್ಧ ಲೀಟರಿನಲ್ಲಿ ಕರಗಿಸಿ. ಇನ್ನೊಂದು ಪ್ಲಾಸ್ಟಿಕ್ ಪಾತ್ರೆಯಲ್ಲಿ ಸುಟ್ಟ ಸುಣ್ಣಕ್ಕೆ ಸ್ವಲ್ಪ ಸ್ವಲ್ಪವೇ ನೀರು ಹಾಕಿ ಅರಳಿಸಿ. ಅರಳುವಾಗ ಕುದಿಯುವಷ್ಟು ಬಿಸಿಯಾಗುತ್ತದೆ, ಮುಖ ದೂರವಿರಲಿ. ಆರಿದ ಮೇಲೆ ಉಳಿದ ನೀರು ಸೇರಿಸಿ, ಸೋಸಿ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕೋಲಿನಿಂದ ಕಲಕಬೇಕು, ತಿರುಗುಮುರುಗಾಗಿ ಅಲ್ಲ. ತಿಳಿ ನೀಲಿ ಬಣ್ಣ ಬರಬೇಕು.

ಪಾಠ ಇರುವುದು ಇದರ ಮುಂದೆ. ಉಜ್ಜಿ ಹೊಳೆಯಿಸಿದ ಕಬ್ಬಿಣದ ಮೊಳೆಯನ್ನು ಒಂದೆರಡು ನಿಮಿಷ ಅದ್ದಿ ತೆಗೆದು ನೋಡಿ. ಕೆಂಪಗೆ ತಾಮ್ರ ಹತ್ತಿದ್ದರೆ ಸುಣ್ಣ ಸಾಲದು. ಅಳತೆ ಸರಿಯಿದ್ದೂ ಸಾಲದಾಗುವುದು ಯಾಕೆ? ಕಟ್ಟು ಬಿಚ್ಚಿಟ್ಟ ಹಳೇ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕಾರ್ಬೊನೇಟ್ ಆಗಿಬಿಟ್ಟಿರುತ್ತದೆ, ಅದರ ಪ್ರತ್ಯಾಮ್ಲ ಗುಣ ಕುಂದಿರುತ್ತದೆ. ಲೋಹಗಳ ಕ್ರಿಯಾಶೀಲತೆಯ ಸರಣಿ, ಆಮ್ಲ-ಪ್ರತ್ಯಾಮ್ಲ, ಸುಣ್ಣದ ರಸಾಯನ, ಮೂರೂ ಒಂದು ಮೊಳೆಯ ತುದಿಗೆ ಬಂದು ನಿಂತವು. ತಾಮ್ರ ಹತ್ತುವುದು ನಿಲ್ಲುವವರೆಗೆ ಸುಣ್ಣದ ನೀರು ಸೇರಿಸುತ್ತಾ ಹೋಗಬಹುದು. ಸತುವು ಲೇಪಿಸಿದ ಮೊಳೆ ಮಾತ್ರ ಬೇಡ, ಕಪ್ಪಾಗಿ ದಾರಿ ತಪ್ಪಿಸುತ್ತದೆ. ಕಬ್ಬಿಣದ ಬಕೆಟ್ ಬಳಸಬಾರದೇಕೆ ಎಂದು ಮಕ್ಕಳು ಆಮೇಲೆ ತಾವೇ ಹೇಳುತ್ತಾರೆ.

ಆಮ್ಲ, ಪ್ರತ್ಯಾಮ್ಲವನ್ನು ಬಣ್ಣದಿಂದ ತೋರಿಸುವ ಸೂಚಕಕ್ಕೆ ದಾಸವಾಳ ಧಾರಾಳ. ಪುನರ್ಪುಳಿ ಸಿಪ್ಪೆ ನೆನೆಸಿದ ನೀರೂ ಆದೀತು, ಆದರೆ ಅದು ತಾನೇ ಬಲು ಹುಳಿ. ಚೆನ್ನಾಗಿ ತೆಳು ಮಾಡದಿದ್ದರೆ ಹಾಕಿದ ಸೋಡಾವೆಲ್ಲ ನೊರೆ ಬರುವುದರಲ್ಲೇ ಖರ್ಚಾಗಿ ಬಣ್ಣ ತಿರುಗುವುದೇ ಇಲ್ಲ. ಅಂಗಡಿಯ ಸಿರಪ್ ಅಂತೂ ಬೇಡವೇ ಬೇಡ. ಅರಸಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದು ಭೂತದ ಕೋಲ ನೋಡಿ ಬೆಳೆದ ಮಕ್ಕಳಿಗೆ ಹೊಸದಲ್ಲ, ಅಲ್ಲಿ ಬಳಸುವ ಕೆಂಪು ಕುರುದಿ ನೀರು ಅದೇ ತಾನೆ.

ಜೀವಶಾಸ್ತ್ರದವರ ಪ್ರಯೋಗಶಾಲೆ ಮುರಕಲ್ಲಿನ ಪಾದೆ, ಅಂದರೆ ಬಂಡೆಯ ಬಯಲು. ಬೇಸಿಗೆಯಲ್ಲಿ ಕಾದ ಹಂಚಿನಂತಿರುವ ಬಯಲು ಆಗಸ್ಟ್, ಸೆಪ್ಟೆಂಬರಿನಲ್ಲಿ ಜಿನುಗುನೀರಿನಿಂದ ತೊಯ್ದು ನೀಲಿ ಹೂವಿನಿಂದ ತುಂಬುತ್ತದೆ. ಓಣಂ ಪೂಕ್ಕಳಕ್ಕೆ (ಹೂವಿನ ರಂಗೋಲಿಗೆ) ಕೀಳುವ ಆ ಕಾಕ್ಕಪ್ಪೂ ಕೀಟ ತಿನ್ನುವ ಯುಟ್ರಿಕುಲೇರಿಯಾ. ಕಿತ್ತು ತಂದು ತೋರಿಸಿದರೆ ಪಾಠ ಕೆಡುತ್ತದೆ: ಬೇಟೆಯಾಡುವ ಚೀಲ ಇರುವುದು ಹೂವಿನಲ್ಲಲ್ಲ, ಕೆಳಗೆ ಒದ್ದೆ ಮಣ್ಣಿನೊಳಗೆ. ಒಂದು ಚಮಚ ಮಣ್ಣಿನ ಸಮೇತ ಎತ್ತಿ ಬಿಳಿ ತಟ್ಟೆಯ ನೀರಿನಲ್ಲಿ ಬಿಡಿಸಿ, ಭೂತಗನ್ನಡಿ ಹಿಡಿಯಬೇಕು. ಓಣಂ ಪರೀಕ್ಷೆಯೂ ಅದೇ ಹೊತ್ತಿಗೆ ಬರುವುದರಿಂದ ಅನೇಕ ಶಾಲೆಗಳು ಈ ಹೂವನ್ನು ಚಿತ್ರದಲ್ಲೇ ನೋಡುತ್ತವೆ. 2023ರಲ್ಲಿ ಜಿಲ್ಲೆಗೆಂದೇ ಒಂದು ಮರ, ಹೂ, ಹಕ್ಕಿ, ಆಮೆ ಘೋಷಣೆಯಾದವು. ಮರ ಕಾಸರಕ, ಊರಿನ ಹೆಸರಿಗೂ ಅದಕ್ಕೂ ನಂಟು ಹೇಳುತ್ತಾರೆ.

ಮೇಷ್ಟ್ರುಗಳ ಹವ್ಯಾಸ ಕೇಳಿದಿರಿ. ತಾಳಮದ್ದಳೆಯಲ್ಲಿ ಅರ್ಥ ಹೇಳುವವರು, ಅಡಿಕೆ ತೋಟದವರು ಇದ್ದೇ ಇದ್ದಾರೆ. ಆಕಾಶ ನೋಡುವವರಿಗೆ 2019ರ ಡಿಸೆಂಬರ್ 26ರ ಕಂಕಣ ಗ್ರಹಣ ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲೇ ಸಿಕ್ಕಿತು. ಸೂರ್ಯ ನೆತ್ತಿಯ ಮೇಲೆ ಬಂದು ನೆಟ್ಟಗೆ ನಿಂತದ್ದರ ನೆರಳೇ ಕಾಣದ ಶೂನ್ಯ ನೆರಳಿನ ದಿನ ಮಾತ್ರ ನಮಗೆ ಸದಾ ಕೈಕೊಡುತ್ತದೆ: ಏಪ್ರಿಲ್ 23ರ ಸುಮಾರಿಗೆ ಬೇಸಿಗೆ ರಜೆ, ಆಗಸ್ಟ್ 20ರ ಸುಮಾರಿಗೆ ಮೋಡ. ರಜೆಯಲ್ಲಿ ಮಕ್ಕಳು ಮನೆಯಂಗಳದಲ್ಲೇ ಮಾಡಲಿ. ಹತ್ತು ಸೆಂಟಿಮೀಟರ್ ಪೈಪಿನ ತುಂಡು, ಮಟ್ಟ ನೋಡಿದ ನೆಲ. ಹೊತ್ತು ಹನ್ನೆರಡಲ್ಲ, 12:28ರ ಆಸುಪಾಸು. ನಾಲ್ಕು ನಿಮಿಷ ತಪ್ಪಿದರೆ ಎರಡು ಮಿಲಿಮೀಟರಿನಷ್ಟು ನೆರಳು ಚಾಚಿರುತ್ತದೆ.

ಏನಾದರೂ ಕಳಿಸಲೇಬೇಕೆಂದಿದ್ದರೆ ಚಿತ್ರ, ಪ್ರಯೋಗದ ವಿವರ ಕಳಿಸಿ, ಪ್ರಶ್ನೆಗಳನ್ನಲ್ಲ. ಹಳೇ ನುಡಿ ಫಾಂಟಿನ ಕಡತವೂ ಬೇಡ. ಇಲ್ಲಿನ ಶಾಲೆಗಳ ಲ್ಯಾಪ್‌ಟಾಪಿನಲ್ಲಿರುವುದು ಕೈಟ್‌ನವರ (ಶಾಲೆಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಕೇರಳ ಸರ್ಕಾರದ ಸಂಸ್ಥೆ) ಗ್ನು/ಲಿನಕ್ಸ್, ಆ ಫಾಂಟ್ ಇಲ್ಲದೆ ತೆರೆದರೆ ಅಕ್ಷರವೆಲ್ಲ ಕಲಸುಮೇಲೋಗರ. ಯುನಿಕೋಡಿಗೆ ಬದಲಿಸಿ, ಇಲ್ಲವೇ ಪಿಡಿಎಫ್ ಮಾಡಿ ಕಳಿಸಿ.