ಫೋನ್ ಕೆಳಗಿಟ್ಟ ಮೇಲೂ ನಕ್ಷತ್ರಪುಂಜ ಗುರುತು ಸಿಗಬೇಕೆಂದರೆ

ಪ್ರಶ್ನೆ: ಆಕಾಶ ತೋರಿಸುವ ಆ್ಯಪ್ ಹಾಕಿಕೊಂಡಿದ್ದೇನೆ. ಫೋನ್ ಎತ್ತಿ ಹಿಡಿದರೆ ಪುಂಜಗಳೆಲ್ಲ ಗೆರೆ ಸಮೇತ ಕಾಣುತ್ತವೆ. ಇಳಿಸಿದರೆ ಬರೀ ಚುಕ್ಕಿಗಳು, ಯಾವುದು ಯಾವುದೋ ತಿಳಿಯುವುದಿಲ್ಲ. ಒಟ್ಟು 88 ಪುಂಜಗಳಿವೆಯಂತೆ. ಎಲ್ಲಿಂದ ಶುರು ಮಾಡಲಿ?

ಉತ್ತರ: 88ರ ಲೆಕ್ಕ ಸದ್ಯಕ್ಕೆ ಮರೆತುಬಿಡಿ. ಅದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 1922ರಲ್ಲಿ ಒಪ್ಪಿಕೊಂಡ ಪಟ್ಟಿ. ಅದರಲ್ಲಿ ಎಷ್ಟೋ ಪುಂಜಗಳಲ್ಲಿರುವುದು ಮಂಕು ನಕ್ಷತ್ರಗಳೇ. ನೀವು ಬೇಟೆಗಾರನ ಆಕಾರದ ಮಹಾವ್ಯಾಧ (ಆ್ಯಪ್‌ನಲ್ಲಿ ಓರಿಯನ್) ಒಂದನ್ನೇ ಹಿಡಿದುಕೊಳ್ಳಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಸಂಜೆ ಕತ್ತಲಾದ ಮೇಲೆ ಕಾಣುತ್ತಾನೆ. ಸಾಲಾಗಿ ಒತ್ತೊತ್ತಾಗಿರುವ ಮೂರು ನಕ್ಷತ್ರಗಳೇ ಅವನ ಸೊಂಟಪಟ್ಟಿ.

ನಿಮಗೆ ತೊಡಕಾಗಿರುವುದು ಬಹುಶಃ ಗಾತ್ರ. ಫೋನಿನ ಪರದೆಯಲ್ಲಿ ಇಡೀ ಪುಂಜ ಹೆಬ್ಬೆರಳಷ್ಟು ಕಾಣುತ್ತದೆ. ಕಣ್ಣು ಆಕಾಶದಲ್ಲೂ ಅಷ್ಟೇ ಚಿಕ್ಕದನ್ನು ಹುಡುಕುತ್ತದೆ. ಅದಕ್ಕೇ ಮೊದಲು ಕೈಯಲ್ಲಿ ಅಳೆಯುವುದು ಕಲಿಯಿರಿ. ತೋಳನ್ನು ಪೂರ್ತಿ ಮುಂದಕ್ಕೆ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಕಿರುಬೆರಳು ಸುಮಾರು 1 ಡಿಗ್ರಿ. ಹುಣ್ಣಿಮೆ ಚಂದ್ರ ಅರ್ಧ ಡಿಗ್ರಿ ಅಷ್ಟೇ, ಕಿರುಬೆರಳು ಅಡ್ಡ ಹಿಡಿದರೆ ಪೂರ್ತಿ ಮರೆಯಾಗುತ್ತದೆ! ಮಹಾವ್ಯಾಧನ ಭುಜದ ಕೆಂಪು ಆರ್ದ್ರಾದಿಂದ ಕಾಲಿನ ನೀಲಿ-ಬಿಳಿ ರಿಗೆಲ್‌ವರೆಗೆ ಹತ್ತಿರಹತ್ತಿರ ಎರಡು ಮುಷ್ಟಿ. ಇದನ್ನು ಒಮ್ಮೆ ಅಳೆದು ನೋಡಿದರೆ ಸಾಕು, ಪುಂಜ ಅಂದರೆ ಎಷ್ಟು ದೊಡ್ಡದು ಅನ್ನೋ ಅಂದಾಜು ಕೂತುಬಿಡುತ್ತದೆ.

ಮುಂದಿನದಕ್ಕೆ ಅವನೇ ದಾರಿ ತೋರಿಸುತ್ತಾನೆ. ಸೊಂಟಪಟ್ಟಿಯ ಗೆರೆಯನ್ನು ಎರಡೂ ಕಡೆಗೆ ಮನಸ್ಸಿನಲ್ಲೇ ಎಳೆಯಿರಿ. ಒಂದು ಕಡೆ ಸುಮಾರು ಎರಡು ಮುಷ್ಟಿ ದೂರದಲ್ಲಿ ಲುಬ್ಧಕ. ಇರುಳಿನ ಆಕಾಶದಲ್ಲಿ ಎಲ್ಲಕ್ಕಿಂತ ಜಾಸ್ತಿ ಹೊಳೆಯುವ ನಕ್ಷತ್ರ ಅದು. ಇನ್ನೊಂದು ಕಡೆ ಅಷ್ಟೇ ದೂರ ಹೋದರೆ ಗೆರೆಯ ಪಕ್ಕದಲ್ಲೇ ಕಿತ್ತಳೆ ಬಣ್ಣದ ರೋಹಿಣಿ ಸಿಗುತ್ತದೆ. ಅದೇ ದಿಕ್ಕಿನಲ್ಲಿ ಇನ್ನೂ ಒಂದೂವರೆ ಮುಷ್ಟಿ ಮುಂದೆ ಹೋಗಿ. ಚಿಕ್ಕ ಗೊಂಚಲಿನಂಥ ಕೃತ್ತಿಕೆ ಅಲ್ಲಿದೆ. ಕೃತ್ತಿಕೆ, ರೋಹಿಣಿ, ಮೃಗಶಿರ, ಆರ್ದ್ರಾ ಅಂತ ಬಾಯಿಪಾಠ ಬರುತ್ತದೆ ಅಲ್ವಾ? ಆಕಾಶದಲ್ಲೂ ಅವು ಅದೇ ಕ್ರಮದಲ್ಲಿವೆ. ಮೃಗಶಿರ ಅಂದರೆ ಮಹಾವ್ಯಾಧನ ತಲೆಯ ಹತ್ತಿರದ ಮಂಕು ನಕ್ಷತ್ರಗಳು. ಚಂದ್ರ ಈ ದಾರಿಯಲ್ಲೇ ದಿನಕ್ಕೆ ಸುಮಾರು 13 ಡಿಗ್ರಿ ಪೂರ್ವಕ್ಕೆ ಸರಿಯುತ್ತಾನೆ. ನಾಲ್ಕೈದು ಸಂಜೆ ಅವನನ್ನು ಗಮನಿಸಿದರೆ ಈ ಸಾಲು ಗಟ್ಟಿಯಾಗುತ್ತದೆ.

ಆ್ಯಪ್ ತೆಗೆದುಹಾಕಬೇಕಿಲ್ಲ. ಬಳಸುವ ಕ್ರಮ ಬದಲಾಯಿಸಿ. ಮೊದಲು ನೀವೇ ನೋಡಿ, ‘ಇದು ರೋಹಿಣಿ ಇರಬೇಕು’ ಅಂತ ಗಟ್ಟಿಯಾಗಿ ಹೇಳಿ, ಆಮೇಲೆ ಫೋನ್ ತೆಗೆದು ಸರಿಯೇ ಅಂತ ನೋಡಿ. ತಪ್ಪಾದರೆ ಇನ್ನೂ ಒಳ್ಳೆಯದು, ಆ ಜಾಗ ಮರೆಯುವುದೇ ಇಲ್ಲ. ಪರದೆಯ ಬೆಳಕು ಕಡಿಮೆ ಮಾಡಿ, ಕೆಂಪು ಬಣ್ಣಕ್ಕೆ ಹಾಕಿಕೊಳ್ಳಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಬಿಳಿ ಪರದೆ ಅದನ್ನೆಲ್ಲ ಕ್ಷಣದಲ್ಲಿ ಹಾಳುಮಾಡುತ್ತದೆ. ಹಾಗಂತ ಕಗ್ಗತ್ತಲೆಯ ಜಾಗಕ್ಕೇ ಹೋಗಬೇಕೆಂದಿಲ್ಲ. ಅಲ್ಲಿ ನಕ್ಷತ್ರಗಳ ಗದ್ದಲದಲ್ಲಿ ಹೊಸಬರಿಗೆ ಆಕಾರವೇ ಸಿಗುವುದಿಲ್ಲ. ತುಸು ಬೆಳಕಿರುವ ಊರಿನ ಆಕಾಶವೇ ಮೊದಲ ಪಾಠಕ್ಕೆ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಒಂದೇ ಪುಂಜವನ್ನು ಚೆನ್ನಾಗಿ ಬಲ್ಲವರಿಗೆ ಇನ್ನೊಂದು ಲಾಭವಿದೆ. 2019ರ ಕೊನೆಯಿಂದ 2020ರ ಫೆಬ್ರವರಿವರೆಗೆ ಆರ್ದ್ರಾ ಬರಿಗಣ್ಣಿಗೇ ತಿಳಿಯುವಷ್ಟು ಮಂಕಾಗಿತ್ತು. ರಿಗೆಲ್ ಪಕ್ಕದಲ್ಲಿ ಅದು ಹೇಗಿರುತ್ತದೆ ಅಂತ ಗೊತ್ತಿದ್ದವರಿಗೆ ನೋಡಿದ ತಕ್ಷಣ ವ್ಯತ್ಯಾಸ ಕಂಡಿತು. ಸೊಂಟಪಟ್ಟಿಯಿಂದ ಇಳಿಬಿದ್ದ ಕತ್ತಿಯನ್ನೂ ಬಿಡಬೇಡಿ. ಅದರ ನಡುವಿನ ‘ನಕ್ಷತ್ರ’ ಸ್ವಲ್ಪ ಮಸುಕಾಗಿ ಕಾಣುತ್ತದೆ. ನೇರವಾಗಿ ದಿಟ್ಟಿಸದೆ ಕೊಂಚ ಪಕ್ಕಕ್ಕೆ ನೋಡಿ, ಮಸುಕು ಹರಡಿಕೊಳ್ಳುತ್ತದೆ. ಸುಮಾರು 1,300 ಜ್ಯೋತಿರ್ವರ್ಷ ದೂರದಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಅನಿಲದ ಮೋಡ ಅದು.

ಪ್ರಶ್ನೆ: ಜನವರಿಯಲ್ಲಿ ರಾತ್ರಿ ಒಂಬತ್ತಕ್ಕೆ ಕಾಣುತ್ತಿದ್ದ ಪುಂಜ ಜೂನ್‌ನಲ್ಲಿ ಅದೇ ಹೊತ್ತಿಗೆ ಇಲ್ಲ. ನಾನೇ ತಪ್ಪಾಗಿ ಗುರುತಿಸಿದ್ದೆನೇ?

ಉತ್ತರ: ಇಲ್ಲ. ಭೂಮಿ ಸೂರ್ಯನನ್ನು ಸುತ್ತುತ್ತಿರುವುದರಿಂದ ಪ್ರತಿ ನಕ್ಷತ್ರವೂ ದಿನಕ್ಕೆ ಸುಮಾರು 4 ನಿಮಿಷ ಮೊದಲೇ ಹುಟ್ಟುತ್ತದೆ. ತಿಂಗಳಿಗೆ 2 ಗಂಟೆ ಆಯಿತು. ಜೂನ್‌ನಲ್ಲಿ ಮಹಾವ್ಯಾಧ ಸೂರ್ಯನ ಕಡೆಗೇ ಇರುತ್ತಾನೆ, ಕಾಣುವುದಿಲ್ಲ. ಆಗ ವೃಶ್ಚಿಕವನ್ನು ಹುಡುಕಿ. ಕೆಂಪು ಜ್ಯೇಷ್ಠಾ ಎದೆಯಲ್ಲಿ, ಕೊಂಡಿಯಂತೆ ಬಾಗಿದ ಬಾಲ ಹಿಂದೆ. ಹೆಸರಿಗೂ ಆಕಾರಕ್ಕೂ ಇಷ್ಟು ಚೆನ್ನಾಗಿ ಹೊಂದುವ ಪುಂಜಗಳು ಕಡಿಮೆ.

ಪ್ರಶ್ನೆ: ಮುದ್ರಿತ ನಕ್ಷೆಯಲ್ಲಿ ಇಲ್ಲದ ಒಂದು ದೊಡ್ಡ ನಕ್ಷತ್ರ ಕಾಣುತ್ತಿದೆ. ಏನದು?

ಉತ್ತರ: ಬಹುತೇಕ ಗ್ರಹವೇ. ಅವು ಜಾಗ ಬದಲಿಸುತ್ತಿರುವುದರಿಂದ ಮುದ್ರಿತ ನಕ್ಷೆಯಲ್ಲಿ ಹಾಕುವುದಿಲ್ಲ. ಮಿನುಗದೆ ಸ್ಥಿರವಾಗಿ ಬೆಳಗುತ್ತಿದ್ದರೆ, ರಾಶಿಗಳ ಸಾಲಿನಲ್ಲೇ ಇದ್ದರೆ ಅನುಮಾನ ಬೇಡ. ಖಚಿತ ಮಾಡಿಕೊಳ್ಳಲು ಪಕ್ಕದ ಎರಡು ನಕ್ಷತ್ರಗಳ ಜೊತೆ ಅದರ ಜಾಗವನ್ನು ಕಾಗದದಲ್ಲಿ ಗುರುತು ಮಾಡಿಡಿ. ಶುಕ್ರನಾದರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಸರಿದಿರುತ್ತದೆ. ಗುರು, ಶನಿಗಳಾದರೆ ಕೆಲವು ವಾರ ಕಾಯಬೇಕು.