"ಲಿಲಿ ಸತ್ತೋದಳಲ್ವಾ ಮೇಡಂ?"

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಸಲಹೆ ಕೇಳಲು ನನ್ನ ಬಳಿ ಬಂದಾಕೆಗೆ 23 ವರ್ಷ. ಹುಟ್ಟಿದಾಗ ಎಲ್ಲರೂ ಗಂಡೆಂದರು, ಆಕೆ ಮಾತ್ರ ತಾನು ಹೆಣ್ಣು ಎನ್ನುವ ಟ್ರಾನ್ಸ್ ಮಹಿಳೆ. ಪ್ಯಾಂಟು, ಶರ್ಟು. ಕಿರುಬೆರಳಿನ ಉಗುರಿನಲ್ಲಿ ಅರ್ಧ ಕೆರೆದ ಕೆಂಪು ಬಣ್ಣ. ಕೂತವರೇ ಮೊಬೈಲಿನಲ್ಲಿ ಹಳೆಯ ಫೋಟೊ ತೋರಿಸಿದರು. ಲಿಲಿ ಎಲ್ಬೆ, ಹೆಣ್ಣಾಗಲು ಆಪರೇಷನ್ ಮಾಡಿಸಿಕೊಂಡ ಮೊದಮೊದಲಿನವರಲ್ಲಿ ಒಬ್ಬರು. "ಆಪರೇಷನ್ ಮಾಡಿಸ್ಕೊಂಡ್ರೆ ನಿನಗೂ ಇದೇ ಗತಿ ಅಂತ ಅಣ್ಣ ಕಳಿಸಿದ್ದಾನೆ."

ಲಿಲಿ ತೀರಿಕೊಂಡಿದ್ದು ನಿಜ. ನಾನು ಮುಚ್ಚಿಡಲಿಲ್ಲ. ಆದರೆ ಯಾವುದರಿಂದ ಅನ್ನೋದನ್ನು ನೋಡಬೇಕು. ಡೆನ್ಮಾರ್ಕಿನ ಈ ಚಿತ್ರಕಲಾವಿದೆಗೆ 1930ರಲ್ಲಿ ಬರ್ಲಿನ್‌ನಲ್ಲಿ ಮೊದಲ ಶಸ್ತ್ರಚಿಕಿತ್ಸೆ ಆಯಿತು. ಉಳಿದವು ಡ್ರೆಸ್ಡೆನ್‌ನಲ್ಲಿ. ಮಗು ಬೇಕೆಂಬ ಆಸೆಗೆ 1931ರಲ್ಲಿ ಗರ್ಭಕೋಶದ ಕಸಿಯನ್ನೂ ಮಾಡಿಸಿಕೊಂಡರು. ಕಸಿ ಮಾಡಿದ ಅಂಗವನ್ನು ದೇಹ ತಳ್ಳಿಹಾಕದಂತೆ ತಡೆಯುವ ಔಷಧಿ ಆಗಿನ್ನೂ ಇರಲಿಲ್ಲ. ಸೋಂಕಾಯಿತು. ಸೆಪ್ಟೆಂಬರ್ 13ರಂದು ಹೋಗಿಬಿಟ್ಟರು. ಈಕೆ ಬಯಸುತ್ತಿದ್ದುದು ಆ ಕಸಿಯನ್ನಲ್ಲ.

ಆಮೇಲೆ, ಲಿಲಿಯಂತೆಯೇ ಹೆಣ್ಣಾಗಲು ಆಪರೇಷನ್ ಮಾಡಿಸಿಕೊಂಡಿದ್ದ ಡೋರಾ ರಿಕ್ಟರ್ ಕತೆ ಹೇಳಿದೆ. ಈಗಿನ ಚೆಕ್ ದೇಶದ ಬೊಹೀಮಿಯಾದ ಬಡ ಹುಡುಗಿ. ಬರ್ಲಿನ್‌ನಲ್ಲಿ ವೈದ್ಯ ಮಾಗ್ನಸ್ ಹಿರ್ಷ್‌ಫೆಲ್ಡ್ ಅವರ ಲೈಂಗಿಕತೆ ಅಧ್ಯಯನ ಸಂಸ್ಥೆಯಲ್ಲಿ ಮನೆಗೆಲಸ ಮಾಡಿಕೊಂಡಿದ್ದರು. ಮೊದಲ ಶಸ್ತ್ರಚಿಕಿತ್ಸೆ 1922ರಲ್ಲಿ, ಯೋನಿ ರಚನೆ 1931ರಲ್ಲಿ. 1933ರಲ್ಲಿ ನಾಜಿಗಳು ಸಂಸ್ಥೆಗೆ ನುಗ್ಗಿದಾಗ ಸತ್ತರೆಂದೇ ಬಹಳ ಕಾಲ ಎಲ್ಲರೂ ನಂಬಿದ್ದರು. ಇಲ್ಲ, ಬದುಕಿದ್ದರು. 1966ರವರೆಗೆ! ಊರಿನ ದಾಖಲೆಯಲ್ಲಿ ಹೆಸರನ್ನೂ ಬದಲಾಯಿಸಿಕೊಂಡರು.

"ಹೆಸರೂನಾ?" ಅಂದರು. ಅವತ್ತು ಮೊದಲ ಸಲ ನೇರವಾಗಿ ನನ್ನ ಮುಖ ನೋಡಿದ್ದು.

ನನಗೆ ಜಾಸ್ತಿ ಭಯವಾಗಿದ್ದು ಬೇರೆ ವಿಷಯಕ್ಕೆ. ಹೆಣ್ಣಿನ ಹಾರ್ಮೋನ್ ಸಿಗಲಿ ಅಂತ ಆಕೆ ಮೆಡಿಕಲ್ ಶಾಪಿನಿಂದ ಗರ್ಭನಿರೋಧಕ ಮಾತ್ರೆ ತಂದು ದಿನಕ್ಕೆ ಮೂರು ನುಂಗುತ್ತಿದ್ದರು. ರಕ್ತ ಹೆಪ್ಪುಗಟ್ಟುವ ಅಪಾಯವಿದೆ, ಇವತ್ತೇ ಡಾಕ್ಟರಿಗೆ ತೋರಿಸಿ ಎಂದೆ. ಕಡಿಮೆ ದುಡ್ಡಿಗೆ, ಗುಟ್ಟಾಗಿ ಮಾಡಿಕೊಡುತ್ತೇವೆ ಅನ್ನುವವರ ಹತ್ತಿರ ಹೋಗಲೇಬೇಡಿ. ಮೊದಲು ಮನೋವೈದ್ಯರು, ಆಮೇಲೆ ಹಾರ್ಮೋನ್ ತಜ್ಞರು. ಶಸ್ತ್ರಚಿಕಿತ್ಸೆ ಬೇಕೋ, ಎಷ್ಟು ಬೇಕು ಅನ್ನೋದನ್ನು ನಿಧಾನವಾಗಿ ನೀವೇ ತೀರ್ಮಾನಿಸಿ. ಅದಿಲ್ಲದಿದ್ದರೂ ನೀವು ಹೆಣ್ಣೇ. ಮಾಡಿಸಿಕೊಂಡರೆ ವಾರಗಟ್ಟಲೆ ಆರೈಕೆ ಬೇಕು, ಊಟ ಕೊಡೋರು ಯಾರು ಅಂತ ಈಗಲೇ ಯೋಚಿಸಿ.

ಮುಂದಿನ ಸಲ ಅಮ್ಮ ಜೊತೆಗೆ ಬಂದರು. ಸೆರಗಿನ ತುದಿ ತಿರುಚುತ್ತಾ, "ಹೊಸ ಹೆಸರು ಬಾಯಿಗೆ ಬರಲ್ಲ ಮೇಡಂ, ಹಳೇದು ಕರೆದ್ರೆ ಅಳ್ತಾನೆ" ಅಂದರು. ಚಿಕ್ಕವರಿದ್ದಾಗ ಏನಂತ ಕರೀತಿದ್ರಿ ಅಂತ ಕೇಳಿದೆ.

"ಮರಿ ಅಂತ."

ಸದ್ಯಕ್ಕೆ ಹಾಗೇ ಕರೀರಿ ಎಂದೆ.