ನಾಲ್ಕು ಬದುವಿನ ಹೊಲ, ಎರಡು ಲೆಕ್ಕ

ಪ್ರಶ್ನೆ: ನಾವು ಲಾವಣಿಗೆ ಹಿಡಿದಿರುವ ಹೊಲದ ಬದುಗಳು ಸುತ್ತುವರಿದಂತೆ 13, 14, 9 ಮತ್ತು 12 ಸರಪಳಿ ಉದ್ದವಿವೆ. ಎದುರುಬದುರಿನ ಬದುಗಳ ಸರಾಸರಿ ತೆಗೆದು ಗುಣಿಸುವ ಹಿರಿಯರ ರೂಢಿಯಂತೆ 143 ಗುಂಟೆ ಆಗುತ್ತದೆ. ಒಂಬತ್ತನೆಯ ತರಗತಿಯ ಮಗಳು ಮೂಲೆಯಿಂದ ಮೂಲೆಗೆ 15 ಸರಪಳಿ ಅಳೆದು, 138 ಗುಂಟೆಯೇ ಎನ್ನುತ್ತಾಳೆ. ಯಾವುದು ಸರಿ?
– ಓದುಗರೊಬ್ಬರು, ಸೇಡಂ ತಾಲ್ಲೂಕು

ಉತ್ತರ: ನಿಮ್ಮ ಮಗಳದೇ ಸರಿ. ಸರಪಳಿ 33 ಅಡಿಯದಾದ್ದರಿಂದ ಒಂದು ಚದರ ಸರಪಳಿಯೆಂದರೆ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಕರ್ಣದ ಒಂದು ಬದಿಗೆ 13, 14, 15 ಬಾಹುಗಳ ತ್ರಿಭುಜವಿದೆ. ಇದರ ಅರ್ಧ ಸುತ್ತಳತೆ 21; ಹೆರಾನ್ ಸೂತ್ರದಂತೆ ಅದನ್ನೂ ಅದರಿಂದ ಒಂದೊಂದು ಬಾಹುವನ್ನು ಕಳೆದು ಉಳಿದವನ್ನೂ ಗುಣಿಸಿದರೆ 21×8×7×6 = 7,056, ಅದರ ವರ್ಗಮೂಲವಾದ 84 ಈ ತ್ರಿಭುಜದ ವಿಸ್ತೀರ್ಣ. ಇನ್ನೊಂದು ಬದಿಯಲ್ಲಿ 9ರ ವರ್ಗಕ್ಕೆ 12ರ ವರ್ಗ ಕೂಡಿಸಿದರೆ 15ರ ವರ್ಗವೇ ಬರುವುದರಿಂದ ಅದು ಲಂಬಕೋನ ತ್ರಿಭುಜ; ವಿಸ್ತೀರ್ಣ 54. ಒಟ್ಟು 138 ಗುಂಟೆ, ಅಂದರೆ 3 ಎಕರೆ 18 ಗುಂಟೆ. ರೂಢಿಯ ಲೆಕ್ಕವನ್ನೇ ನಂಬಿದರೆ ಇಲ್ಲದ ಐದು ಗುಂಟೆಗೂ ನೀವು ಲಾವಣಿ ಕೊಡಬೇಕಾಗುತ್ತದೆ.

ಈ ರೂಢಿ ಅಜ್ಞಾನದಿಂದ ಹುಟ್ಟಿದ್ದಲ್ಲ. ನಿಮ್ಮ ತಾಲ್ಲೂಕಿನ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ತನ್ನ ‘ಗಣಿತಸಾರಸಂಗ್ರಹ’ದ ಆರಂಭದಲ್ಲಿ ಹೊಗಳಿರುವ 9ನೆಯ ಶತಮಾನದ ಮಹಾವೀರಾಚಾರ್ಯನು ಇದೇ ಸೂತ್ರವನ್ನು ಹೇಳಿದ್ದಾನೆ, ಆದರೆ ಅದನ್ನು ವ್ಯಾವಹಾರಿಕ, ಎಂದರೆ ಸ್ಥೂಲ, ಲೆಕ್ಕವೆಂದು ಕರೆದು ಸೂಕ್ಷ್ಮ ಲೆಕ್ಕವನ್ನು ಬೇರೆಯಾಗಿಯೇ ಕೊಟ್ಟಿದ್ದಾನೆ.

ಸ್ಥೂಲ ಲೆಕ್ಕ ಯಾವಾಗಲೂ ಹೆಚ್ಚಿನ ಕಡೆಗೇ ಏಕೆ ತಪ್ಪುತ್ತದೆ ಎಂಬುದನ್ನು ಬೀಜಗಣಿತ ತೋರಿಸುತ್ತದೆ. ಬದುಗಳನ್ನು ಕ್ರಮವಾಗಿ ಕ, ಖ, ಗ, ಘ ಎನ್ನೋಣ. ಎರಡು ಬಾಹು ಗೊತ್ತಿರುವ ತ್ರಿಭುಜದ ವಿಸ್ತೀರ್ಣ ಅವುಗಳ ಗುಣಲಬ್ಧದ ಅರ್ಧವನ್ನು ಮೀರಲಾರದು. ಅವು ಲಂಬವಾಗಿದ್ದಾಗ ಮಾತ್ರ ಅಷ್ಟಾಗುತ್ತದೆ. ಆದ್ದರಿಂದ ಒಂದು ಕರ್ಣದಿಂದ ಸೀಳಿದರೆ ಹೊಲವು ½(ಕಖ+ಗಘ) ಮೀರದು, ಇನ್ನೊಂದರಿಂದ ಸೀಳಿದರೆ ½(ಖಗ+ಘಕ) ಮೀರದು. ಎರಡನ್ನೂ ಕೂಡಿಸಿ ಅಪವರ್ತಿಸಿದಾಗ ಹೊಲದ ಎರಡರಷ್ಟು ½(ಕ+ಗ)(ಖ+ಘ) ಮೀರದೆಂದಾಗುತ್ತದೆ. ಅದರ ಅರ್ಧವೇ ನಿಮ್ಮ ಹಿರಿಯರ ಸೂತ್ರ. ನಾಲ್ಕು ಮೂಲೆಯೂ ಲಂಬಕೋನವಾದ ಹೊಲದಲ್ಲಿ ಮಾತ್ರ ಎರಡೂ ಲೆಕ್ಕ ಒಂದಾಗುತ್ತವೆ.

ಬದುಗಳ ಅಳತೆ ಅಷ್ಟೇ ಇದ್ದರೂ ಹೊಲ ವಾಲಿದಂತೆ ವಿಸ್ತೀರ್ಣ ಬದಲಾಗುವುದರಿಂದ ಕರ್ಣವನ್ನು ಅಳೆಯದೆ ಗತ್ಯಂತರವಿಲ್ಲ. ತೊಗರಿ ಎದೆಯೆತ್ತರಕ್ಕೆ ನಿಂತಿರುವಾಗ ಸರಪಳಿ ನೇರವಾಗಿ ಬೀಳುವುದಿಲ್ಲ. ರಾಶಿ ಮುಗಿದ ಮೇಲೆ ಹೊಲದ ಮಾಲೀಕರನ್ನೂ ಕರೆದುಕೊಂಡು ಮತ್ತೊಮ್ಮೆ ಅಳೆಯಿರಿ.